ಬೀಗದಣ್ಣನ ಕಾಲ್ಗುಣ

ಒದ್ದೆ ಹುಲ್ಲಿನ ಮೇಲೆ ಹೊಸದಾಗಿ ಬಿದ್ದ ಸುಣ್ಣಕ್ಕೆ ಒಂದು ವಾಸನೆ ಇರುತ್ತದೆ. ತಣ್ಣಗೆ, ತುಸು ಘಾಟಾಗಿ ಮೂಗಿನೊಳಗೆ ಬಂದು ಕೂತರೆ, ಬಂದ ನೆಂಟನ ಹಾಗೆ, ಏಳುವುದೇ ಇಲ್ಲ. ಬೀಗ ರಿಪೇರಿಯ ಬೀಗದಣ್ಣನ ಬಾಲ್ಯವೆಲ್ಲ ಆ ವಾಸನೆಯಲ್ಲೇ ಅದ್ದಿ ತೆಗೆದದ್ದು. ಅವನ ಅಪ್ಪ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸದವನು. ಗೆರೆ ಎಳೆದು ಮುಗಿಸಿ, ಗೆರೆಯಾಚೆ ನಿಂತು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ: "ಒಂದಲ್ಲ ಒಂದು ದಿನ ನಮ್ಮ ಹಳದಿ ತಂಡ ಕಪ್ ಎತ್ತುತ್ತೆ ಮಗಾ. ಅವತ್ತು ಮಾತ್ರ ಕಣ್ಣು ಮಿಟುಕಿಸಬೇಡ."

ಅಪ್ಪ ಕಣ್ಣು ಮುಚ್ಚಿದ. ಹಳದಿ ತಂಡ ಕಪ್ ಎತ್ತಲಿಲ್ಲ.

ಆ ಭಾನುವಾರ ಬೆಳಿಗ್ಗೆ ಕಟ್ಟಡದ ಮೆಟ್ಟಿಲ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಹಾಲು ತರಲು ಇಳಿದ ಬೀಗದಣ್ಣನ ಮೂಗಿಗೆ ಆ ವಾಸನೆ ಬಡಿಯಿತು. ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದ. ಅಂದೇ ಫೈನಲ್. ಎಷ್ಟೋ ವರ್ಷಗಳ ಮೇಲೆ ಹಳದಿ ತಂಡ ಫೈನಲ್ ಮುಟ್ಟಿತ್ತು. ಆಟ ನೋಡುವುದಿಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಮಾತು ಕೊಟ್ಟಿದ್ದ ಬೀಗದಣ್ಣ, ಮೆಟ್ಟಿಲ ಮೇಲೆ ಹಾಲಿನ ಪಾತ್ರೆ ಹಿಡಿದು ನಿಂತು, "ನೋಡೇ ನೋಡ್ತೀನಿ" ಎಂದ. ಸುಣ್ಣ ಹೊಡೆಯುವವನು, "ನೋಡಣ್ಣ, ಬೇಡ ಅಂದವರು ಯಾರು? ಆದ್ರೆ ಗೋಡೆ ಮುಟ್ಟಬೇಡ" ಎಂದ.

ಮಾತು ಕೊಡಬೇಕಾಗಿ ಬಂದದ್ದು ಬೀಗದಣ್ಣನ ಕಾಲ್ಗುಣದಿಂದ. ಕೆಲವರು ಕಾಲಿಟ್ಟರೆ ಮನೆ ಬೆಳಗುತ್ತದೆ ಎನ್ನುತ್ತಾರೆ. ಬೀಗದಣ್ಣ ಕಾಲಿಟ್ಟರೆ ಹಳದಿ ತಂಡ ಗೋಲು ತಿನ್ನುತ್ತಿತ್ತು. ಕಟ್ಟಡದ ಕೆಳಗೆ ಟೈಲರ್ ಅಂಗಡಿ. ಊರಿಗೆಲ್ಲ ಕೋಟು ಹೊಲಿದು ತಾನು ಬನಿಯನ್ನಿನಲ್ಲೇ ಇರುವ ಟೈಲರ್, ಅಲ್ಲೊಂದು ದೊಡ್ಡ ಟೀವಿ ಇಟ್ಟಿದ್ದ. ಹಿಂದೊಮ್ಮೆ ತಂಡ ಗೆಲ್ಲುತ್ತಿದ್ದಾಗ ಬೀಗದಣ್ಣ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ್ದೇ ತಡ, ಗೋಲ್‌ಕೀಪರು ಕೈಗೆ ಬಂದ ಚೆಂಡನ್ನು ಬಿಸಿ ಪಾತ್ರೆ ಮುಟ್ಟಿದವನಂತೆ ಬಿಟ್ಟುಬಿಟ್ಟ. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲ ಕರೆಂಟೇ ಹೋಯಿತು. ಅಂದಿನಿಂದ ಕೆಟ್ಟ ಕಾಲ್ಗುಣದವನೆಂಬ ಹೆಸರು ನಿಂತುಬಿಟ್ಟಿತು.

ಹಾಲು ಕಾಯುವ ಮೊದಲೇ ಸುದ್ದಿ ಕಾದಿತ್ತು. ಬಾಗಿಲಲ್ಲಿ ಟೈಲರ್, ಅವನ ಹಿಂದೆ ಮೇಲಿನ ಮನೆಯ ನಿವೃತ್ತ ನರ್ಸಮ್ಮ, ಅವರ ಹಿಂದೆ ಬೀಗದಣ್ಣನ ಸ್ವಂತ ಭಾವಮೈದುನ, ಬಸ್ ಡ್ರೈವರ್.

"ಬೀಗದಣ್ಣ, ನೋಡೇ ನೋಡ್ತೀನಿ ಅಂದ್ಯಂತೆ," ಎಂದ ಟೈಲರ್, ಸಾವಿನ ಮನೆಗೆ ಬಂದವನ ದನಿಯಲ್ಲಿ.

"ಒಂದು ಮೂಲೇಲಿ ಕೂತಿರ್ತೀನಿ ಟೈಲರಣ್ಣ. ಉಸಿರೂ ಬಿಡಲ್ಲ."

"ನಿನ್ನ ಉಸಿರು ನಮಗೆ ತೊಂದರೆ ಇಲ್ಲಪ್ಪ. ಕಾಲಿಂದೇ ಭಯ."

"ಕಾಲು ಹೊರಗಿಟ್ಟು ತಲೆ ಮಾತ್ರ ಒಳಗಿಡ್ತೀನಿ."

"ಭಾವ, ನನ್ನ ಬಸ್ಸಲ್ಲಿ ಬನ್ನಿ," ಎಂದ ಡ್ರೈವರ್. "ಕೊನೇ ಸ್ಟಾಪಲ್ಲಿ ಒಳ್ಳೆ ಗಾಳಿ ಬರುತ್ತೆ. ಅಲ್ಲಿ ಇಳಿಸ್ತೀನಿ."

"ವಾಪಸ್ ಹೆಂಗೋ ಬರೋದು?"

"ಅದೇ ಅಲ್ವಾ ಅಲ್ಲಿನ ಅನುಕೂಲ. ವಾಪಸ್ ಬಸ್ಸೇ ಇಲ್ಲ."

ಬೀಗದಣ್ಣ ಹೆಂಡತಿಯ ಮುಖ ನೋಡಿದ. ಅವಳು ಉಕ್ಕುವ ಹಾಲು ನೋಡುತ್ತಿದ್ದಳು. ತಮ್ಮನೂ ಬೇಕು, ಗಂಡನೂ ಬೇಕು, ನೆರೆಹೊರೆಯೂ ಬೇಕು ಎನ್ನುವ ಹೆಂಗಸು ಇಂಥ ಹೊತ್ತಿನಲ್ಲಿ ಹಾಲನ್ನಲ್ಲದೆ ಇನ್ನೇನು ನೋಡಿಯಾಳು.

ಮಧ್ಯಾಹ್ನ ಆಟ ಶುರುವಾಗುವ ಹೊತ್ತಿಗೆ ನರ್ಸಮ್ಮ ಮೇಲಿನಿಂದ ಕೂಗಿದರು. "ಬಾರಪ್ಪ ಸ್ವಲ್ಪ, ಬೀರು ಬೀಗ ಕಚ್ಚಿಕೊಂಡಿದೆ." ಬೀಗದಣ್ಣ ಹೋಗಿ ತಂತಿ ತೂರಿಸಿ ಚಿಟಿಕೆ ಹೊಡೆಯುವಷ್ಟರಲ್ಲಿ ತೆಗೆದ. ನರ್ಸಮ್ಮನ ಮುಖ ಬಾಡಿತು.

"ಇಷ್ಟು ಬೇಗ ತೆಗೆದ್ಯಾ? ಇನ್ನೊಂದು ಸಲ ಹಾಕಿ ತೆಗಿ, ನೋಡೋಣ."

"ಯಾಕಮ್ಮ?"

"ನಾನೂ ಕಲೀತೀನಿ. ಕಲಿಯೋಕೆ ವಯಸ್ಸುಂಟಾ?"

ಬೀಗದಣ್ಣನಿಗೆ ಅರ್ಥವಾಯಿತು. ನೊಂದುಕೊಂಡೇ ಬೀಗ ಹಾಕುವುದು, ತೆಗೆಯುವುದು ನಡೆಸಿದ. ಆಗ ಕೆಳಗಿನಿಂದ ಕೊಡ ಬಾವಿಗೆ ಬಿದ್ದಂಥ ಸದ್ದು ಬಂತು. ಅಂಗಡಿ ತುಂಬ ಜನ ಒಟ್ಟಿಗೆ ನರಳಿದ್ದರು. ಎದುರಿನ ನೀಲಿ ತಂಡ ಗೋಲು ಹೊಡೆದಿತ್ತು.

ಬೀಗದಣ್ಣನ ಮುಖ ಅರಳಿತು. "ನರ್ಸಮ್ಮ, ನಾನು ಇಲ್ಲಿದ್ದೀನಿ. ನಾನು ನೋಡೇ ಇಲ್ಲ. ನೀವೇ ಸಾಕ್ಷಿ."

ತಂಡ ಸೋಲುತ್ತಿರುವಾಗ ಇಷ್ಟು ಖುಷಿಪಟ್ಟ ಅಭಿಮಾನಿ ಇನ್ನೊಬ್ಬ ಇರಲಿಕ್ಕಿಲ್ಲ. ನರ್ಸಮ್ಮ ಸೆರಗು ಸುತ್ತಿಕೊಂಡು ಏಳುವಷ್ಟರಲ್ಲಿ ಅವನು ಮೆಟ್ಟಿಲು ಹಾರಿ, ಮೈಗೆಲ್ಲ ಹಸಿ ಸುಣ್ಣ ಬಳಿದುಕೊಂಡು, ಟೈಲರ್ ಅಂಗಡಿಗೆ ನುಗ್ಗಿದ. "ನಾನಲ್ಲ, ನಾನು ಮೇಲಿದ್ದೆ" ಎನ್ನುತ್ತ ಅವನು ಹೊಸ್ತಿಲ ಮೇಲೆ ಕಾಲಿಡುವುದಕ್ಕೂ, ಚೆಂಡು ಅತ್ತೆ ಮನೆಗೆ ಬಂದ ಅಳಿಯನಂತೆ ಸರಾಗವಾಗಿ ಹಳದಿಯವರ ಗೋಲಿನೊಳಗೆ ಹೋಗುವುದಕ್ಕೂ ಸರಿಹೋಯಿತು.

ಎಲ್ಲರ ಕಣ್ಣೂ ಅವನ ಕಾಲಿನ ಮೇಲೆ ಬಿತ್ತು. ಬೀಗದಣ್ಣ ಬಿಡಿಸಿ ಹೇಳಲು ಹೋದ. "ನೋಡಿ, ಮೊದಲನೇದು ನಾನಿಲ್ಲದಾಗ ಆಯ್ತಲ್ಲ. ಅಂದ ಮೇಲೆ ಇದಕ್ಕೂ ನನಗೂ..." ವಾಕ್ಯ ಮುಗಿಯಲಿಲ್ಲ. ಮೂರನೆಯ ಗೋಲು ಬಿತ್ತು.

"ಮಾತು ಮುಗಿಸಬೇಡ," ಎಂದ ಟೈಲರ್, ಕೈಮುಗಿದು. "ನಿನ್ನ ಕಾಲಿಗೆ ಬೀಳ್ತೀನಿ. ಬೇಡ, ಆ ಕಾಲಿಗೆ ಬೀಳೋದೂ ಬೇಡ. ಹಿಡಿಯಪ್ಪ ಡ್ರೈವರ್ ಇವನನ್ನ."

ಹಿತ್ತಲಲ್ಲಿ, ಅಂಗಡಿಯ ಹಿಂಬಾಗಿಲಿಗೆ ಎದುರಾಗಿ, ಏಣಿ, ಸುಣ್ಣದ ಡಬ್ಬ, ಕುಂಚಗಳನ್ನು ಇಡುವ ಉಗ್ರಾಣವಿತ್ತು. ಅದರ ಬಾಗಿಲಿಗೆ ಬೀಗ ಹಾಕಿದವನು ಬೀಗದಣ್ಣನೇ. "ಈ ಬೀಗ ನನ್ನ ಅಪ್ಪನ ಕೈಲೂ ತೆಗೆಯೋಕಾಗಲ್ಲ" ಎಂದು ಅಂದು ಎದೆ ತಟ್ಟಿಕೊಂಡಿದ್ದ. ಈಗ ಅದೇ ಬೀಗ ಅವನ ಬೆನ್ನ ಹಿಂದೆ ಕಟಕ್ಕೆಂದಿತು. ಕೀಲಿಯನ್ನು ಟೈಲರ್ ತನ್ನ ಕೊರಳಿನ ಅಳತೆ ಟೇಪಿಗೆ ಕಟ್ಟಿಕೊಂಡ.

"ರೀ, ಸ್ವಲ್ಪ ಹೊತ್ತು ಅಷ್ಟೇ," ಎಂದಳು ಹೆಂಡತಿ ಹೊರಗಿನಿಂದ. "ಒಳಗೆ ಸೆಕೆ ಇದೆಯಾ?"

"ಇದೆ."

"ನನಗೂ ಹಾಗೇ ಅನ್ನಿಸ್ತು," ಎಂದು ಅವಳು ಹೋದಳು.

ಬೀಗದಣ್ಣ ಕತ್ತಲಲ್ಲಿ ಕೂತ. ಸುತ್ತ ಸುಣ್ಣದ ವಾಸನೆ. ಅಪ್ಪ ಗೆರೆಯಾಚೆಯಾದರೂ ನಿಂತು ನೋಡಿದ್ದ. ತನಗೆ ಅದೂ ಇಲ್ಲ. ಒಂದು ಹನಿ ಕಣ್ಣೀರು ಕೆನ್ನೆಯ ಸುಣ್ಣದ ಮೇಲೆ ಗೆರೆ ಎಳೆದುಕೊಂಡು ಇಳಿಯಿತು. ಮೇಲೆ ಗೋಡೆಯಲ್ಲಿ ಒಂದು ಕಿಂಡಿ. ಗಾಳಿಗಾದರೂ ಆಗಲಿ ಎಂದು ಒಂದು ಡಬ್ಬವನ್ನು ಬೋರಲು ಹಾಕಿ ಹತ್ತಿದ. ಡಬ್ಬದ ತಳ ಸಣ್ಣದು. ಒಂದೇ ಕಾಲಿಗೆ ಜಾಗ. ಎಡಗಾಲಲ್ಲಿ ನಿಂತು, ಬಲಗಾಲನ್ನು ಕೊಕ್ಕರೆಯಂತೆ ಮಡಿಸಿ, ಕಿಂಡಿಯ ಸರಳು ಹಿಡಿದು ಹೊರಗೆ ನೋಡಿದ.

ಅಂಗಡಿಯ ಹಿಂಬಾಗಿಲು ತೆರೆದಿತ್ತು. ಬಟ್ಟೆ ತೊಟ್ಟು ನೋಡಿಕೊಳ್ಳಲು ಟೈಲರ್ ಇಟ್ಟಿದ್ದ ನಿಲುವುಗನ್ನಡಿ, ಆಟದ ದಿನ ಗೋಡೆಯ ಕಡೆ ಮುಖ ಮಾಡಿರುತ್ತಿದ್ದದ್ದು, ಇಂದು ಬಾಗಿಲ ಕಡೆ ತಿರುಗಿತ್ತು. ಅದರೊಳಗೆ ಟೀವಿ ಪೂರ್ತಿಯಾಗಿ ಕಾಣುತ್ತಿತ್ತು.

ಮೊದಲು ನೋಡಿದ್ದು ಅಂಕ. ಮೂರು ಈ ಕಡೆ, ಸೊನ್ನೆ ಆ ಕಡೆ. ನಾವೇ ಗೆಲ್ಲುತ್ತಿದ್ದೇವೆ ಎಂದು ಎದೆ ಹಾರಿತು. ಆಮೇಲೆ, ಅಕ್ಷರಗಳೆಲ್ಲ ತಿರುವುಮುರುವಾಗಿರುವುದು ಕಂಡು ಎದೆ ತನ್ನ ಜಾಗಕ್ಕೆ ಬಂತು. ಕನ್ನಡಿಯಲ್ಲೂ ಸೋಲು ಸೋಲೇ.

ಆಗ ಹಳದಿಯವರು ಒಂದು ಗೋಲು ಹೊಡೆದರು.

ಬೀಗದಣ್ಣ ಕೂಗಲು ಬಾಯಿ ತೆರೆದು, ಮುಚ್ಚಿದ. ಕಾಲು ಜೋಮು ಹಿಡಿದಿತ್ತು. ಬದಲಾಯಿಸೋಣ ಎಂದುಕೊಂಡವನು ಬದಲಾಯಿಸಲಿಲ್ಲ. ಕಾಲ್ಗುಣ ಎಂಬುದನ್ನು ಅವನು ನಂಬುತ್ತಿರಲಿಲ್ಲ. ಆದರೂ, ಸುಮ್ಮನೆ ಯಾಕೆ. ಮೂಗು ತುರಿಸಿತು. ತುರಿಸಿಕೊಳ್ಳಲಿಲ್ಲ. ತಲೆಯ ಮೇಲೆ ನೇತಾಡುತ್ತಿದ್ದ ಕುಂಚವೊಂದು ಕಿವಿಗೆ ತಾಗುತ್ತಿತ್ತು. ಅದನ್ನೂ ಸರಿಸಲಿಲ್ಲ. ಎರಡನೆಯ ಗೋಲು ಬಿತ್ತು. ಮೂರನೆಯದನ್ನು ತಂಡದ ಗಿಡ್ಡ ಆಟಗಾರ ದೂರದಿಂದ ಹೊಡೆದ. ಸಮ ಸಮ. ಅಂಗಡಿಯಲ್ಲಿ ಕುರ್ಚಿಗಳು ಉರುಳುವ ಸದ್ದು. ಇನ್ನೇನು ಸೀಟಿ ಊದಬೇಕು ಎನ್ನುವಾಗ ಅದೇ ಗಿಡ್ಡ, ಬಿದ್ದು, ಎದ್ದು, ಯಾರದೋ ಕಾಲ ಸಂದಿಯಿಂದ ಚೆಂಡು ತೂರಿಸಿದ.

ಬೀಗದಣ್ಣ ಕಣ್ಣು ಮಿಟುಕಿಸಲಿಲ್ಲ.

"ಗೆದ್ವಿ ಅಪ್ಪಾ" ಎಂದು ಕಿಂಡಿಯಲ್ಲಿ ಅರಚಿದ. ಯಾರಿಗೂ ಕೇಳಲಿಲ್ಲ. ಟೈಲರ್ ಅಳತೆ ಟೇಪನ್ನು ಕೀಲಿ ಸಮೇತ ಗಾಳಿಗೆ ಎಸೆದದ್ದು ಕನ್ನಡಿಯಲ್ಲಿ ಕಂಡಿತು. ಅದು ಕೆಳಗೆ ಬಂದದ್ದು ಮಾತ್ರ ಯಾರಿಗೂ ಕಾಣಲಿಲ್ಲ. ಅಂಗಡಿಯೆಲ್ಲ ಬೀದಿಗೆ ಹರಿಯಿತು. ಬೀದಿಯ ಕೂಗಾಟ ಮುಂದಿನ ಬೀದಿಗೆ ಹೋಯಿತು. ಅಪ್ಪಿಕೊಳ್ಳಲು ಒಬ್ಬರೂ ಇಲ್ಲದೆ ಬೀಗದಣ್ಣ ಏಣಿಯನ್ನು ಅಪ್ಪಿಕೊಂಡ. ಏಣಿಯೂ ಜಾರಿ ಬಿತ್ತು.

ಸಂಜೆಗೆ ನೆನಪಾಯಿತು. ಕೀಲಿ ಇಲ್ಲ. ಡ್ರೈವರ್ ಬೀಗವನ್ನು ಗೇರು ಹಾಕುವ ಹಾಗೆ ಎಳೆದಾಡಿದ. ಒಳಗಿನಿಂದ ಬೀಗದಣ್ಣ, "ಅದು ಹಂಗೆಲ್ಲ ತೆಗೆಯೋ ಬೀಗ ಅಲ್ಲಪ್ಪ, ನಾನು ಹಾಕಿದ್ದು" ಎಂದು ಒಂದು ಕಡೆ ಹೆಮ್ಮೆಯಿಂದ, ಒಂದು ಕಡೆ ಹತಾಶೆಯಿಂದ ಹೇಳುತ್ತಿದ್ದ. ಹೆಂಡತಿ ಎಲ್ಲರನ್ನೂ ಸರಿಸಿ, ಜಡೆಯಿಂದ ಒಂದು ಪಿನ್ನು ತೆಗೆದು ತೂರಿಸಿದಳು. ಬೀಗ ತೆರೆಯಿತು. ಬೀಗದಣ್ಣನ ಕಸುಬಿನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಹೊರಬಂದ ಬಿಳೀ ಆಕೃತಿಯನ್ನು ಟೈಲರ್ ಅಪ್ಪಿಕೊಂಡ. "ನಿನ್ನ ತ್ಯಾಗದಿಂದ ಗೆದ್ವಿ ಕಣಪ್ಪ. ಜನ್ಮದಲ್ಲಿ ಮರೆಯಲ್ಲ. ಇನ್ನು ಮುಂದೆ ಯಾವ ಆಟನೂ ನೋಡಬೇಡ."

ಬೀಗದಣ್ಣ ಈ ಗಳಿಗೆಗೇ ಕಾದಿದ್ದ. "ಪೂರ್ತಿ ನೋಡಿದೆ," ಎಂದ.

"ಏನು ನೋಡಿದೆ?"

"ನಾಲ್ಕೂ ಗೋಲು. ಮೂರನೇದು ಗಿಡ್ಡ ದೂರದಿಂದ ಹೊಡೆದ. ಎಡಗಾಲಲ್ಲಿ."

ಜನ ನಕ್ಕರು. "ಬಲಗಾಲು," ಎಂದ ಟೈಲರ್. "ಎಲ್ಲಾದ್ರೂ ಕೇಳಿದ್ದನ್ನ ಹೇಳ್ತಿದ್ದಾನೆ, ಪಾಪ. ಕನಸು ಬಿದ್ದಿರಬೇಕು."

"ಎಡಗಾಲು. ನನ್ನ ಕಣ್ಣಾರೆ ಕಂಡೆ."

"ಸುಣ್ಣದ ಘಾಟು ತಲೆಗೇರಿದೆ ಭಾವ, ನೀರು ಕುಡೀರಿ."

ಬದುಕಿನಲ್ಲಿ ಒಂದೇ ಒಂದು ಸಲ ಕಂಡದ್ದನ್ನು ಕಂಡಿಲ್ಲ ಎಂದರೆ ಮನುಷ್ಯ ಎಲ್ಲಿಗೆ ಹೋಗಬೇಕು. ಅಷ್ಟರಲ್ಲಿ ನರ್ಸಮ್ಮ ಉಗ್ರಾಣದೊಳಗೆ ಇಣುಕಿ, ಕಿಂಡಿ ನೋಡಿ, ತಿರುಗಿ ಅಂಗಡಿಯ ಕನ್ನಡಿ ನೋಡಿದರು.

"ತಾಳಿ," ಎಂದರು. "ಕನ್ನಡಿಯಲ್ಲಿ ಬಲಗಾಲು ಎಡಗಾಲೇ ಆಗುತ್ತೆ. ಇವನು ನೋಡಿದ್ದು ನಿಜ."

ಬೀಗದಣ್ಣ ತಲೆಯೆತ್ತಿ ನಿಂತ. "ಅಂದ್ರೆ ನಾನು ನೋಡ್ತಿದ್ದಾಗಲೇ ನಾಲ್ಕು ಗೋಲು ಬಿತ್ತು. ನನ್ನ ಕಾಲ್ಗುಣ ಈಗ ಏನಂತೀರಿ?"

"ಅಪ್ಪಟ ಬಂಗಾರ," ಎಂದ ಟೈಲರ್ ಗದ್ಗದಿತನಾಗಿ. "ತಪ್ಪಾಯ್ತಪ್ಪ. ಇಷ್ಟು ದಿನ ನಿನ್ನ ಕಾಲಿನ ಬೆಲೆ ತಿಳೀಲಿಲ್ಲ." ಆಮೇಲೆ ಅಳತೆ ತೆಗೆಯುವವನ ಕಣ್ಣಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಯಾವ ಕಾಲಲ್ಲಿ ನಿಂತಿದ್ದೆ?"

"ಎಡಗಾಲಲ್ಲಿ. ಯಾಕೆ?"

ಡಬ್ಬದ ತಳದಲ್ಲಿ ಸುಣ್ಣದ ಎಡ ಹೆಜ್ಜೆ ಅಚ್ಚೊತ್ತಿದಂತೆ ಮೂಡಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಬಾಗಿಲಿಗೆ ಬೀಗ ಇತ್ತು," ಎಂದ ಡ್ರೈವರ್.

"ಕುಂಚ ಕಿವಿಗೆ ತಾಗಿತ್ತಾ?" ಎಂದರು ನರ್ಸಮ್ಮ. ಕಿವಿಯ ಮೇಲಿನ ಸುಣ್ಣ ಅವರಿಗೆ ಕಂಡಿತ್ತು.

ಬೀಗದಣ್ಣ ಕಿವಿಯ ಸುಣ್ಣ ಒರೆಸಿಕೊಂಡ. "ಈಗ ಟೀವೀಲಿ ಮತ್ತೆ ಪೂರ್ತಿ ತೋರಿಸ್ತಾರಂತೆ," ಎಂದ ಮೆಲ್ಲಗೆ. "ನಿಮ್ಮ ಜೊತೆ ಒಂದು ಕುರ್ಚಿ ಹಾಕ್ಕೊಂಡು ನೋಡ್ತೀನಿ. ಅಷ್ಟೇ ಆಸೆ."

"ಕುರ್ಚೀಲಾ?" ಟೈಲರ್ ಹೌಹಾರಿದ.

"ಆಟ ಮುಗಿದಿದೆ ಮಾರಾಯ. ಗೆದ್ದಾಗಿದೆ."

"ಗೆದ್ದಾಗಿದೆ ಅಂತ ಮೈಮರೀಬಾರದು. ಮೊದಲರ್ಧದಲ್ಲೂ ನಾವು ಹಾಗೇ ಧೈರ್ಯವಾಗಿ ಕೂತಿದ್ವಿ."

ಬೀಗದಣ್ಣನನ್ನು ಮತ್ತೆ ಉಗ್ರಾಣದ ಡಬ್ಬದ ಮೇಲೆ ಹತ್ತಿಸಿದರು. ಡ್ರೈವರ್ ಕುಂಚ ಅದ್ದಿ ಡಬ್ಬದ ಸುತ್ತ, ಅಲ್ಲಾಡಿದರೆ ಗೊತ್ತಾಗಲೆಂದು, ಸುಣ್ಣದ ಗೆರೆ ಎಳೆದ. ಅಪ್ಪ ಗೆರೆ ಎಳೆದು ಹೊರಗೆ ನಿಂತಿದ್ದ. ಮಗನಿಗೆ ಗೆರೆ ಎಳೆದು ಒಳಗೆ ನಿಲ್ಲಿಸಿದರು. ಮುಂದಿನ ವರ್ಷವಿಡೀ ಆಟವಿದ್ದ ದಿನವೆಲ್ಲ ಅವನ ಜಾಗ ಅದೇ ಎಂದು ಅಲ್ಲೇ ತೀರ್ಮಾನವಾಯಿತು. ಬೀಗ ಕಟಕ್ಕೆಂದಿತು. ಹೋಗುವ ಮುನ್ನ ಟೈಲರ್ ಕಿಂಡಿಯ ಕೆಳಗೆ ಬಂದು, "ಸಂಕೋಚ ಬೇಡ ಬೀಗದಣ್ಣ, ಏನು ಬೇಕಾದ್ರೂ ಕೇಳು. ಇಳಿಯೋದೊಂದು ಬಿಟ್ಟು" ಎಂದ.

ಆಟ ಮತ್ತೆ ಶುರುವಾಯಿತು. ಜನ ಎದ್ದು ಬಿದ್ದು ಕೂರುವಾಗ ಯಾರದೋ ಮೊಣಕೈ ತಾಗಿ ಕನ್ನಡಿ ಓರೆಯಾಯಿತು. ಬೀಗದಣ್ಣನಿಗೆ ಟೀವಿ ಹೋಗಿ ಹೊಲಿಗೆ ಯಂತ್ರದ ಚಕ್ರ ಮಾತ್ರ ಕಂಡಿತು. ಅವನು ಕೂಗಲಿಲ್ಲ. ಕೂಗಿ ಏನು ಪ್ರಯೋಜನ. ಎಡಗಾಲ ಮೇಲೆ ನಿಂತು ಚಕ್ರವನ್ನೇ ನೋಡಿದ.

ಆಗ ಹೆಂಡತಿ ಊಟದ ಡಬ್ಬಿ ಹಿಡಿದು ಅಂಗಡಿಯೊಳಗಿಂದ ಹಿತ್ತಲಿಗೆ ಬರುವುದು ಕಂಡಿತು. ಕನ್ನಡಿಯ ಬಳಿ ಒಂದು ಗಳಿಗೆ ನಿಂತಳು. ಯಾರ ಕಡೆಯೂ ನೋಡದೆ, ಮಗುವಿನ ಮುಖ ತಿರುಗಿಸುವ ಹಾಗೆ, ಒಂದು ಬೆರಳಿನಿಂದ ಅದನ್ನು ಬಾಗಿಲ ಕಡೆ ತಿರುಗಿಸಿದಳು. ಟೀವಿ ಪೂರ್ತಿಯಾಗಿ ಮೂಡಿತು. ಕೈ ಅಳತೆ ತಪ್ಪಲಿಲ್ಲ. ಮೊದಲ ಸಲ ತಿರುಗಿಸುವ ಕೈಯಲ್ಲ ಅದು.

ಬೀಗದೊಳಗೆ ಪಿನ್ನು ಆಡುವ ಸದ್ದಾಯಿತು. ಅವಳು ಒಳಗೆ ಬಂದು ಬಾಗಿಲು ಎಳೆದುಕೊಂಡಳು.

"ಮಧ್ಯಾಹ್ನವೂ ನೀನೇನಾ?" ಎಂದ ಅವನು.

ಅವಳು ಪಿನ್ನನ್ನು ಜಡೆಗೆ ಸಿಕ್ಕಿಸಿಕೊಂಡಳು. ಬೀಗದಣ್ಣನ ಕಣ್ಣು ತುಂಬಿತು. ಇಳಿಯೋಣ, ಒಂದು ತುತ್ತು ಜೊತೆಗೆ ಕೂತು ತಿನ್ನೋಣ ಎಂದು ಬಲಗಾಲು ಕೆಳಗೆ ಚಾಚಿದ.

"ರೀ," ಎಂದಳು ಅವಳು ಮೆಲ್ಲಗೆ. "ಕಾಲು."

ಅವನು ಕಾಲು ಮಡಿಸಿಕೊಂಡ. ಅವಳು ಸುಣ್ಣದ ಗೆರೆ ತುಳಿಯದಂತೆ ಹತ್ತಿರ ಬಂದು, ಬಿಸಿ ಡಬ್ಬಿಯ ಮುಚ್ಚಳ ತೆಗೆದು, ಅವನು ಬಾಗಬೇಕಾಗದಷ್ಟು ಎತ್ತರಕ್ಕೆ ಎತ್ತಿ ಅವನ ಕೈಗಿಟ್ಟಳು.