ದಾನಮ್ಮನವರು ಒರೆಸಿದ ಹಾಳೆ

ಮಾರೇನಹಳ್ಳಿಯ ದಾನಮ್ಮನವರಿಗೆ ಒಂದೇ ಒಂದು ಚಟ. ಕಲೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಆ ಬೆಳಿಗ್ಗೆ ಮಹಡಿಯ ಬಾಡಿಗೆದಾರ ರೇವಣಸಿದ್ದನಿಗೆ ಉಪ್ಪಿಟ್ಟು ಕೊಡಲು ಬಂದವರು, ಮೇಜಿನ ಮೇಲೆ ತೆರೆದಿದ್ದ ಪುಟ್ಟ ಡಬ್ಬಿಯೊಳಗೆ ಉಗುರಿನಷ್ಟಗಲದ ಗಾಜಿನಂಥ ಚೂರೊಂದನ್ನು ಕಂಡರು. ಅದರ ಮೇಲೆ ಕಂಡೂ ಕಾಣದ ಮಸಿ. ಸೆರಗಿನಿಂದ ಗಸಗಸ ಉಜ್ಜಿ, ಫಳಫಳ ಹೊಳೆಯಿಸಿ ಇಟ್ಟರು.

ಸ್ನಾನ ಮುಗಿಸಿ ಬಂದ ರೇವಣಸಿದ್ದ, ಹೊಳೆಯುವ ಚೂರು ಕಂಡು ಟವೆಲ್ಲಿನಲ್ಲೇ ಕುಸಿದು ಕುಳಿತ. ಲ್ಯಾಬಿನಲ್ಲಿ ಬಿಟ್ಟರೆ ಯಾರಾದರೂ ಮುಟ್ಟಿಯಾರೆಂದೇ ಅವನು ಅದನ್ನು ಮನೆಗೆ ತಂದಿದ್ದ.

"ಆಂಟೀ, ಏನ್ ಮಾಡ್ಬಿಟ್ರಿ! ಅದರ ಮೇಲೆ ಹಾಳೆ ಇತ್ತು!"

"ಯಾವ ಹಾಳೆನಪ್ಪಾ? ನಂಗೆ ಕಾಣಿಸ್ಲೇ ಇಲ್ವಲ್ಲ."

"ಕಾಣಲ್ಲ ಆಂಟಿ. ಗ್ರಾಫೀನ್ ಅದು. ಪೆನ್ಸಿಲ್ ಕಡ್ಡೀಲಿರೋ ಕಾರ್ಬನ್ನೇ, ಒಂದೇ ಒಂದು ಪರಮಾಣು ದಪ್ಪ. ವರ್ಷವಿಡೀ ಕೂತು ಮಾಡಿದ್ದೆ. ಇವತ್ತು ಅದರಲ್ಲಿ ಕರೆಂಟ್ ಹರಿಸಿ ಪರೀಕ್ಷಕರಿಗೆ ತೋರಿಸ್ದಿದ್ರೆ ನನ್ ಪಿಎಚ್‌ಡಿ ಮುಗೀತು!"

ದಾನಮ್ಮನವರಿಗೆ ಅರ್ಥವಾದದ್ದು ಎರಡೇ ಮಾತು. ಬಾಲ್ಕನಿಗೆ ಓಡಿ ಕೂಗಿದರು: "ನಮ್ ಹುಡುಗನ ಪಿಎಚ್‌ಡಿ ಹಾಳೆ ಕಳೆದೋಯ್ತು!"

ಎದುರುಮನೆ ಮುರುಗೇಶ್ ಬನಿಯನ್ನಿನಲ್ಲೇ ಬಂದು, ಹಾಸಿಗೆ ಕೊಡವಿ, ಕಸದ ಬುಟ್ಟಿ ಬೋರಲು ಹಾಕಿದರು.

"ಎಷ್ಟುದ್ದ ಹಾಳೆ? ಎ ಫೋರಾ?"

"ಕೂದಲ ಎಳೆಗಿಂತ ಸಣ್ಣದು ಸಾರ್."

"ಕಲರ್ರು?"

"ಇಲ್ಲ."

"ಏನು ಬರ್ದಿತ್ತು?"

"ಏನೂ ಇಲ್ಲ."

ಮುರುಗೇಶ್ ಹುಡುಕುವುದನ್ನು ನಿಲ್ಲಿಸಿ, ದಾನಮ್ಮನವರ ಕಿವಿಯಲ್ಲಿ, ಆದರೆ ಬೀದಿಗೇ ಕೇಳುವಂತೆ, "ಹುಡುಗ ಸರಿಯಾಗಿ ನಿದ್ದೆ ಮಾಡ್ತಾನಾ?" ಎಂದರು.

ತಕ್ಷಣ ದಾನಮ್ಮನವರು ಅವನ ಹಣೆಗೆ ಅಂಗೈ ತುಂಬ ವಿಭೂತಿ ಬಳಿದು, ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಆ ಘಾಟಿಗೆ ಕೆಮ್ಮುತ್ತಾ ರೇವಣಸಿದ್ದ ಬೀಗರೂಟದಿಂದ ತಪ್ಪಿಸಿಕೊಂಡ ಕೋಳಿಯಂತೆ ಓಡಿ, ಮೆಟ್ರೋ ಹತ್ತಿ, ಕೆಂಗೇರಿಯ ಕಾಲೇಜು ಮುಟ್ಟಿ, ಗೈಡ್ ಚನ್ನವೀರೇಶ್ ಸಾರ್ ಕಾಲಿಗೆ ಬಿದ್ದ. ಬಿದ್ದಲ್ಲಿಂದಲೇ ಎಲ್ಲ ಹೇಳಿದ.

ಸಾರ್ ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏಳಯ್ಯಾ ಮೇಲೆ. ಹೋದ್ಸಲ ಸೀನು ಹೊಡೆದು ಇಂಥದೇ ಒಂದು ಹಾಳೇನ ಹಾರಿಸಿದವನ ಕೈಗೆ ನಾನು ಅಸಲಿ ಕೊಡ್ತೀನಾ? ನಿನ್ನೆ ನೀನು ಟೀಗೆ ಹೋದಾಗ ಡಬ್ಬಿ ಬದಲಾಯಿಸ್ಬಿಟ್ಟೆ. ನಿಮ್ಮ ಆಂಟಿ ಉಜ್ಜಿದ್ದು ಹಾಳೆ ಇಲ್ಲದ ಬರೀ ಗಾಜಿನ ಚೂರು. ಅಸಲಿ ನಮ್ಮನೇಲಿ ಭದ್ರವಾಗಿತ್ತು. ತಗೋ."

ರೇವಣಸಿದ್ದನಿಗೆ ಹೋದ ಜೀವ ಬಂತು. ಸಾರ್ ಬ್ಯಾಗಿನಿಂದ ಅಂಥದೇ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿದರು. ಒಳಗೆ ಗುಲಾಬಿ ಬಣ್ಣದ ಮಾತ್ರೆಗಳು.

ಸಾರ್ ಹೆಂಡತಿಗೆ ಫೋನು ಮಾಡಿದರು.

"ಡಬ್ಬಿ ಚೆನ್ನಾಗಿತ್ತು ಕಣ್ರೀ, ನಿಮ್ ಬಿಪಿ ಮಾತ್ರೆ ಹಾಕಿಟ್ಟೆ."

"ಒಳಗಿದ್ದ ಚೂರು?"

"ಆ ಗಾಜಾ? ಯಾರ ಕಾಲಿಗಾದ್ರೂ ಚುಚ್ಚೀತು ಅಂತ ಕಸದ ಗಾಡಿಗೆ ಹಾಕ್ದೆ."

ಹೊರಗೆ ಪರೀಕ್ಷಕರ ಕಾರು ನಿಂತ ಸದ್ದಾಯಿತು. ಸಾರ್ ಒಂದು ಮಾತ್ರೆ ನುಂಗಿದರು. ಒಂದು ಕ್ಷಣ ಯೋಚಿಸಿ, ಇನ್ನೊಂದನ್ನು ರೇವಣಸಿದ್ದನ ಅಂಗೈಗೆ ಹಾಕಿದರು.