ಪೊನ್ನಪ್ಪನವರ ಬೂದು ಪರದೆ

ಪೊನ್ನಪ್ಪನವರ ಕಿತ್ತಳೆ ಗಿಡ ಒಣಗತೊಡಗಿದ ದಿನದಿಂದ ಪ್ರತಾಪ ನಗರದ ಆ ಮೂರಂತಸ್ತಿನ ಕಟ್ಟಡದಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ.

ನಾಗಪುರದಲ್ಲಿ ಕಿತ್ತಳೆ ಗಿಡಕ್ಕೇನು ಬರ ಎಂದು ನೀವು ಕೇಳಬಹುದು. ಆದರೆ ಇದು ಕೊಡಗಿನ ಕಿತ್ತಳೆ. ವಾಯುಸೇನೆಯಿಂದ ನಿವೃತ್ತರಾಗಿ ಇಲ್ಲೇ ಮನೆ ಮಾಡಿದ ಪೊನ್ನಪ್ಪನವರು ಊರಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಸಿ. ನಿಜವಾದ ಕಿತ್ತಳೆ ಎಂದರೇನೆಂದು ನಾಗಪುರದವರಿಗೆ ತೋರಿಸಿಯೇ ತೀರುತ್ತೇನೆ ಎಂದು ನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದರು. ಮೆಟ್ಟಿಲ ಪಕ್ಕದ ಮೂಲೆಯಲ್ಲಿ ದೊಡ್ಡ ಕುಂಡದೊಳಗಿದ್ದ ಆ ಗಿಡ ಈ ಮಾರ್ಚಿನಲ್ಲಿ ಹೂ ಬಿಡುವ ಬದಲು ಎಲೆ ಉದುರಿಸತೊಡಗಿತು.

ಪೊನ್ನಪ್ಪನವರೇ ಸೊಸೈಟಿಯ ಸೆಕ್ರೆಟರಿ. ಅವರ ಅನುಮಾನ ಮೊದಲು ಎರಡನೇ ಮಹಡಿಯ ಧನಶ್ರೀ ಮೇಡಂ ಮೇಲೆ ಹೋಯಿತು, ಏಕೆಂದರೆ ಆಕೆಯ ತವರಿನವರದು ಕಿತ್ತಳೆ ತೋಟ. ಆಮೇಲೆ ಹಾಲಿನವನ ಮೇಲೆ, ಆಮೇಲೆ ಮೆಟ್ಟಿಲು ತೊಳೆಯುವವಳ ಫಿನಾಯಿಲ್ ಮೇಲೆ. ಕೊನೆಗೆ ಯಾರನ್ನೂ ಬಿಡುವುದು ಬೇಡವೆಂದು ಗೇಟಿನ ಹತ್ತಿರ ಕ್ಯಾಮೆರಾ ಹಾಕಿಸಿ, ಅದನ್ನು ನೋಡಲು ಎಲ್ಲಿಂದಲೋ ಒಂದು ಹಳೆಯ ಮಾನಿಟರ್ ಪರದೆ ತಂದು ತಮ್ಮ ನಡುಮನೆಯಲ್ಲಿ ಇಟ್ಟುಕೊಂಡರು.

ಇಷ್ಟೆಲ್ಲ ಅನುಮಾನಗಳ ನಡುವೆ ಅಪರಾಧಿ ಯಾರೆಂಬುದು ಒಬ್ಬನಿಗೆ ಮಾತ್ರ ಖಚಿತವಾಗಿ ಗೊತ್ತಿತ್ತು. ಅವನು ಮೊದಲ ಮಹಡಿಯ ಗಿರಿಧರ. ಗೊತ್ತಿರಲು ಕಾರಣ, ಅಪರಾಧಿ ಅವನೇ.

ಗಿರಿಧರನಿಗೆ ಸಕ್ಕರೆ ಕಾಯಿಲೆ. ಹೆಂಡತಿ ಕೃಷ್ಣವೇಣಿ ದಿನಾ ಬೆಳಗಿನ ಐದೂವರೆಗೆ ಸ್ಟೀಲ್ ಲೋಟದ ತುಂಬ ಹಾಗಲಕಾಯಿ ರಸ ಹಿಂಡಿ ಕೈಗಿಡುತ್ತಿದ್ದಳು. ಬಯಲಲ್ಲಿ ನಿಂತು ಕುಡಿದರೆ ಕಹಿ ಹತ್ತುವುದಿಲ್ಲ ಎಂದು ಹೇಳಿ ಅವನು ಲೋಟ ಹಿಡಿದು ಕೆಳಗಿಳಿಯುತ್ತಿದ್ದ, ರಸವನ್ನು ಕಿತ್ತಳೆ ಕುಂಡಕ್ಕೆ ಸುರಿದು ಹಾಲಿನ ಪಾಕೀಟು ಎತ್ತಿಕೊಂಡು ಮೇಲೆ ಬರುತ್ತಿದ್ದ. ಎರಡು ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಮುಂದಿನ ರಿಪೋರ್ಟಿನಲ್ಲೂ ಇಳಿಯದಿದ್ದರೆ ರಾಯಚೂರಿನ ತನ್ನ ಅಣ್ಣ ವ್ಯಾಸರಾಜನ ಮನೆಯಲ್ಲಿ ಒಂದು ತಿಂಗಳು ಬಿಟ್ಟು ಬರುತ್ತೇನೆಂದು ಕೃಷ್ಣವೇಣಿ ಹೇಳಿದ್ದಳು. ಪ್ರಕೃತಿ ಚಿಕಿತ್ಸೆಯ ಹುಚ್ಚು ಹತ್ತಿದ ವ್ಯಾಸರಾಜ ಮೂರು ಹೊತ್ತೂ ಬೇಯಿಸಿದ ಸೋರೆಕಾಯಿ ತಿನ್ನಿಸುವ ಮನುಷ್ಯ, ಅದೂ ಉಪ್ಪಿಲ್ಲದೆ. ಅದನ್ನು ನೆನೆದರೇ ಗಿರಿಧರನ ನಾಲಿಗೆ ಒಣಗುತ್ತಿತ್ತು.

ಕ್ಯಾಮೆರಾ ಬಂದ ಮೇಲೆ ಅವನು ಸುಮ್ಮನೆ ಮಾತಾಡಿಸುವ ನೆಪದಲ್ಲಿ ಪೊನ್ನಪ್ಪನವರ ಮನೆಗೆ ಹೋಗಿ ಪರದೆ ನೋಡಿ ಬಂದಿದ್ದ. ಎದೆ ಹಗುರಾಯಿತು. ಪರದೆಯಲ್ಲಿ ಎಲ್ಲವೂ ಬೂದಿ ಕಲಸಿದ ನೀರಿನ ಹಾಗಿತ್ತು. ಗೋಡೆ ಬೂದು, ಗಿಡ ಬೂದು, ಗೇಟಿನಲ್ಲಿ ಮಲಗಿದ್ದ ಕರಿ ನಾಯಿಯೂ ಬೂದು. ಆ ಧೈರ್ಯದಿಂದ ರಸದ ಸಮಾರಾಧನೆ ಮುಂದುವರಿಯಿತು.

ಆದರೆ ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಪೊನ್ನಪ್ಪನವರು ಬಾಗಿಲು ಬಡಿದರು. ಐದೂವರೆ ದಾಟಿದ ಮೇಲೆ ಯಾರೋ ಕುಂಡದ ಹತ್ತಿರ ಬಂದು ಬಗ್ಗುವುದು ಪರದೆಯಲ್ಲಿ ಕಂಡಿದೆಯಂತೆ. ಮುಖ ಕಾಣುವುದಿಲ್ಲವಂತೆ. ಆದರೆ ಉಟ್ಟದ್ದು ಮಾತ್ರ ಸೀರೆಯಂತೆ.

ಗಿರಿಧರ ತನ್ನ ಕಂದು ಲುಂಗಿಯನ್ನೊಮ್ಮೆ ನೋಡಿಕೊಂಡು ಮಡಚಿ ಕಟ್ಟಿದ.

"ಆ ಹೊತ್ತಿಗೆ ಎದ್ದು ಓಡಾಡೋರು ಈ ಬಿಲ್ಡಿಂಗಲ್ಲಿ ಯಾರಿದಾರೆ ಅಂತ ನಾನು ಹೇಳಲ್ಲ," ಎಂದ ಪೊನ್ನಪ್ಪನವರು ಅಡುಗೆಮನೆಯ ಕಡೆಗೇ ನೋಡುತ್ತಿದ್ದರು. "ಕುಂಡ ರಂಗೋಲಿಗೆ ಅಡ್ಡ ಬರುತ್ತೆ ಅಂತ ಯಾರು ಅಂದಿದ್ರು, ಅದೂ ನಾನು ಹೇಳಲ್ಲ. ಹನ್ನೊಂದು ಗಂಟೆಗೆ ನಮ್ಮನೇಲಿ ಮೀಟಿಂಗ್. ಎಲ್ಲರೂ ಬನ್ನಿ."

ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಕೃಷ್ಣವೇಣಿ ಅಡುಗೆಮನೆಯಿಂದ ಹೊರಬಂದಳು. ಗಂಡನ ಎದುರು ನಿಂತಳು. ಹದಿನೆಂಟು ವರ್ಷದಲ್ಲಿ ಯಾರ ಮನೆಯ ಒಂದು ಹೂವನ್ನೂ ಕೇಳದೆ ಮುಟ್ಟದ ಹೆಂಗಸು ಅವಳು. ಅವಳ ಕಣ್ಣಲ್ಲಿ ನೀರಿತ್ತು, ಅದಕ್ಕಿಂತ ಹೆಚ್ಚಾಗಿ ಬೆಂಕಿಯಿತ್ತು.

"ಮೌದಾದ ಪವರ್ ಪ್ಲಾಂಟಿನ ಕಂಟ್ರೋಲ್ ರೂಮಿನಾಗ ದಿನಾ ಎಂಟು ಸ್ಕ್ರೀನ್ ಮುಂದ ಕೂಡ್ತೀರಲ್ಲ, ಆ ಹಾಳ ಸ್ಕ್ರೀನ್ ಒಂದು ನೆಟ್ಟಗ ಮಾಡ್ರಿ," ಎಂದಳು. "ಎಲ್ಲಾರ ಮುಂದ ನನ್ನ ಹೆಸರು ಚೊಕ್ಕ ಆಗಬೇಕು."

ಗಿರಿಧರನಿಗೆ ಸ್ನಾನ ಮಾಡುವಾಗಲೂ ಅದೇ ಚಿಂತೆ. ಪರದೆ ನೆಟ್ಟಗಾದರೆ ತಾನು ಸಿಕ್ಕಿಬೀಳುತ್ತೇನೆ, ಆಗದಿದ್ದರೆ ಹೆಂಡತಿಯ ತಲೆಗೆ ಬರುತ್ತದೆ. ಎರಡನೇ ತಂಬಿಗೆ ಸುರಿದುಕೊಳ್ಳುವಾಗ ಉಪಾಯ ಹೊಳೆಯಿತು. ಕಾಂಟ್ರಾಸ್ಟ್ ಏರಿಸಿದರೆ ಕಪ್ಪು ಇನ್ನೂ ಕಪ್ಪಾಗುತ್ತದೆ. ಜೊತೆಗೆ ಬ್ರೈಟ್‌ನೆಸ್ ಇಳಿಸಿಬಿಟ್ಟರೆ ಆ ಮೂಲೆಯೆಲ್ಲ ಮಸಿ. ಅಲ್ಲಿ ನಿಂತವನೂ ಮಸಿಯಲ್ಲಿ ಮಸಿ. ಯಾರೂ ಇಲ್ಲ, ಹಾಳು ಪರದೆಯ ಭ್ರಮೆ ಎಂದು ಎಲ್ಲರಿಗೂ ತೋರಿಸಬಹುದು. ಅವನು ಮೈ ಒರೆಸಿಕೊಳ್ಳುತ್ತ ಸಣ್ಣಗೆ ಹಾಡಿಕೊಂಡ.

ಹನ್ನೊಂದಕ್ಕೆ ಪೊನ್ನಪ್ಪನವರ ನಡುಮನೆ ತುಂಬಿತು. ಅವರ ಹೆಂಡತಿ ಬೇಬಿ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಧನಶ್ರೀ ಮೇಡಂ ಎಲ್ಲರಿಗಿಂತ ಮುಂದಿನ ಕುರ್ಚಿ ಹಿಡಿದಿದ್ದರು, ಮೂರು ವಾರ ತಮ್ಮನ್ನು ಅನುಮಾನಿಸಿದ್ದಕ್ಕೆ ಬಡ್ಡಿ ವಸೂಲು ಮಾಡುವ ಉತ್ಸಾಹ ಅವರ ಮುಖದಲ್ಲಿತ್ತು. ಪೊನ್ನಪ್ಪನವರು ವಿಡಿಯೋ ಹಾಕಿದರು. ಬೂದಿಯೊಳಗೊಂದು ಬೂದು ಆಕಾರ ಬಂತು, ಬಗ್ಗಿತು, ಹೋಯಿತು. ಅದು ಹೋದ ಕೂಡಲೇ ಪೊನ್ನಪ್ಪನವರು ರಿಮೋಟ್ ಒತ್ತಿ ನಿಲ್ಲಿಸಿಬಿಟ್ಟರು. ಇನ್ನೊಮ್ಮೆ ತೋರಿಸಿ ಎಂದಾಗಲೂ ಸರಿಯಾಗಿ ಅಲ್ಲಿಗೇ ನಿಲ್ಲಿಸಿದರು. ಇಷ್ಟು ಅವಸರವೇಕೆ ಎಂದು ಗಿರಿಧರನಿಗೆ ಅನ್ನಿಸಿತಾದರೂ ಅವನಿಗೆ ತನ್ನದೇ ಚಿಂತೆ ಬಹಳವಾಗಿತ್ತು.

ಅವನು ಎದ್ದು ನಿಂತು ಒಂದು ಸಣ್ಣ ಭಾಷಣ ಮಾಡಿದ. ಪರದೆಯ ಗುಣ ಇರುವುದು ಅದರ ಅತ್ಯಂತ ಕಪ್ಪಿಗೂ ಅತ್ಯಂತ ಬಿಳುಪಿಗೂ ನಡುವಿನ ಅಂತರದಲ್ಲಿ. ಅದಕ್ಕೇ ಕಾಂಟ್ರಾಸ್ಟ್ ಎನ್ನುವುದು. ಆ ಅಂತರ ಸತ್ತರೆ ಲುಂಗಿಯೂ ಸೀರೆಯೇ, ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಹಿಂದಿರುವುದು ಕಪ್ಪಾದಷ್ಟೂ ಮುಂದಿರುವ ಬಿಳಿ ಎದ್ದು ಕಾಣುತ್ತದೆ ಎಂದೂ ಹೇಳಿದ. ಅದು ಅವನ ಬಾಯಿಂದಲೇ ಬಂತು, ಕಿವಿಗೆ ಮಾತ್ರ ಹೋಗಲಿಲ್ಲ.

ಪರದೆಯ ಹಿಂದಿನ ಗುಂಡಿ ಒತ್ತಿ ಕಾಂಟ್ರಾಸ್ಟ್ ತುದಿಗೇರಿಸಿದ, ಬ್ರೈಟ್‌ನೆಸ್ ಇಳಿಸಿದ. ವಿಡಿಯೋ ಮತ್ತೆ ಓಡಿತು. ಮೂಲೆಯಲ್ಲಿ ಕತ್ತಲು ಬಿಟ್ಟು ಏನೂ ಇರಲಿಲ್ಲ. ಕಿಟಕಿಯಿಂದ ಬಿದ್ದ ಬಿಸಿಲಲ್ಲಿ ಎಲ್ಲರಿಗೂ ಪರದೆಯ ಗಾಜಿನ ಮೇಲೆ ಕಂಡದ್ದು ತಂತಮ್ಮ ಮುಖ.

"ನೋಡಿದ್ರಾ? ಯಾರೂ ಇಲ್ಲ," ಎಂದ ಗಿರಿಧರ.

ಧನಶ್ರೀ ಮೇಡಂ ಸೆಕ್ರೆಟರಿಯತ್ತ ತಿರುಗಿ, ಇನ್ನು ಯಾರನ್ನು ಹಿಡಿಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಪೊನ್ನಪ್ಪನವರು ಮೀಸೆ ತಿರುವುತ್ತ, ತಪ್ಪು ತಿಳಿದೆನೇನೋ ಎಂದು ಕೃಷ್ಣವೇಣಿಗೆ ಅರ್ಧ ಕ್ಷಮೆ ಕೇಳಿದರು. ವಿಚಿತ್ರವೆಂದರೆ ಅವರಿಗೂ ಒಂದು ಭಾರ ಇಳಿದ ಹಾಗಿತ್ತು. ರಿಮೋಟನ್ನು ಕುರ್ಚಿಯ ಮೇಲಿಟ್ಟು ಮಜ್ಜಿಗೆ ಎತ್ತಿಕೊಂಡರು.

ಕೃಷ್ಣವೇಣಿಗೆ ಅರ್ಧ ಕ್ಷಮೆ ಸಾಲಲಿಲ್ಲ. "ತಡೀರಿ. ಇಷ್ಟ ಬಿಸಲಾಗ ಯಾರಿಗೆ ಏನ ಕಾಣ್ತದ? ಎಲ್ಲಾರೂ ಬರೋಬರ್ ನೋಡ್ಲಿ," ಎಂದು ಎದ್ದಳು. ಬೇಬಿಯವರು ಬೇಸಿಗೆಗೆಂದು ಹೊಲಿಸಿದ್ದ ದಪ್ಪ ಕರ್ಟನ್ನನ್ನು ಕಿಟಕಿಗೆ ಅಡ್ಡ ಎಳೆದು, ವಿಡಿಯೋವನ್ನು ತಾನೇ ಮೊದಲಿಂದ ಹಾಕಿದಳು.

ಗಿರಿಧರನ ಕಂಟ್ರೋಲ್ ರೂಮಿಗೆ ಕಿಟಕಿಯೇ ಇಲ್ಲ. ಬಿಸಿಲು ಪರದೆಗೆ ಏನು ಮಾಡುತ್ತದೆ, ಅದು ಹೋದರೆ ಏನಾಗುತ್ತದೆ ಎಂದು ಯೋಚಿಸುವ ಪ್ರಸಂಗ ಅವನಿಗೆ ಇಪ್ಪತ್ತು ವರ್ಷದಲ್ಲಿ ಬಂದಿರಲಿಲ್ಲ.

ನಡುಮನೆ ಕತ್ತಲಾಯಿತು. ಪರದೆಯ ಕಪ್ಪು ಈಗ ಕಾಡಿಗೆಯಂಥ ಕಪ್ಪು. ಆ ಕಪ್ಪಿನೊಳಗಿಂದ ಒಂದು ಬಿಳಿ ಬನಿಯನ್ನು ತನ್ನಷ್ಟಕ್ಕೆ ತಾನೇ ನಡೆದು ಬಂತು. ತಲೆಯಿಲ್ಲ, ತೋಳಿಲ್ಲ, ಸೊಂಟದ ಕೆಳಗೆ ಏನೂ ಇಲ್ಲ. ಅದರ ಮುಂದೆ ಗಾಳಿಯಲ್ಲಿ ಒಂದು ಸ್ಟೀಲ್ ಲೋಟ ಹೊಳೆಯುತ್ತಿತ್ತು. ಬನಿಯನ್ನು ಬಗ್ಗಿತು, ಲೋಟ ಕುಂಡದ ಮೇಲೆ ಮಗುಚಿಕೊಂಡಿತು. ತಿರುಗಿ ಹೋಗುವಾಗ ಬನಿಯನ್ನಿನ ಬೆನ್ನಿನಲ್ಲಿ ಇಸ್ತ್ರಿಯಿಂದ ಸುಟ್ಟ ರೂಪಾಯಿ ಅಗಲದ ತೂತು ಸ್ಪಷ್ಟವಾಗಿ ಕಂಡಿತು.

ಆ ತೂತು ಮಾಡಿದವಳು ಕೃಷ್ಣವೇಣಿಯೇ. ಅವಳು ಗಂಡನ ಕಡೆ ತಿರುಗಲಿಲ್ಲ.

"ಎರಡು ತಿಂಗಳು," ಎಂದಳು ಮೆಲ್ಲಗೆ. "ಎರಡು ತಿಂಗಳು ನಾ ಹಾಗಲಕಾಯಿ ಹಿಂಡಿದ್ದು ಗಿಡಕ್ಕೇನು?"

ಪೊನ್ನಪ್ಪನವರು ಸಿಂಹದ ಹಾಗೆ ಎದ್ದರು. ಸೊಸೈಟಿಯ ನಿಯಮ, ಕೊಡಗಿನ ಮಣ್ಣು, ವಿಶ್ವಾಸದ್ರೋಹ ಎಂದೆಲ್ಲ ಗುಡುಗಿದರು. ಆ ಗುಡುಗಿನಲ್ಲಿ ರಿಮೋಟಿನ ನೆನಪು ಅವರಿಗೆ ಹಾರಿಯೇ ಹೋಯಿತು. ವಿಡಿಯೋ ಓಡುತ್ತಲೇ ಇತ್ತು.

ಬನಿಯನ್ನು ಹೋಗಿ ಮೂರೇ ನಿಮಿಷಕ್ಕೆ ಕತ್ತಲಲ್ಲಿ ಎರಡು ಬಿಳಿ ಕ್ಯಾನ್ವಾಸ್ ಶೂ ನಡೆದು ಬಂದವು. ಅವುಗಳ ಮೇಲೆ ಎದೆಯೆತ್ತರದಲ್ಲಿ ಒಂದು ಬಿಳಿ ಮಗ್ಗು. ಶೂಗಳು ಕುಂಡದ ಮುಂದೆ ಸಾವಧಾನ್ ನಿಂತವು. ಮಗ್ಗು ಓರೆಯಾಯಿತು.

"ರೀ, ಅದು ನಾನು ಕೊಡೋ ಮೆಂತ್ಯದ ನೀರಿನ ಮಗ್ಗಲ್ವಾ?" ಎಂದರು ಬೇಬಿ.

ಪೊನ್ನಪ್ಪನವರು ಎಷ್ಟು ಎತ್ತರಕ್ಕೆ ಎದ್ದಿದ್ದರೋ ಅಷ್ಟೇ ಆಳಕ್ಕೆ ಕೂತರು. ಗಿಡ ತಮ್ಮಿಂದಲೇ ಒಣಗುತ್ತಿರಬಹುದೆಂಬ ಅಳುಕು ಅವರಿಗೆ ಮೊದಲಿನಿಂದಲೂ ಇತ್ತು. ಇನ್ನೊಬ್ಬ ಯಾರಾದರೂ ಸಿಗಲಿ ಎಂದೇ ಪಾಪ ಕ್ಯಾಮೆರಾ ಹಾಕಿಸಿದ್ದರು. ಧನಶ್ರೀ ಮೇಡಂ ಮಾತ್ರ ಇನ್ನೊಂದು ಲೋಟ ಮಜ್ಜಿಗೆ ಕೇಳಿ ಕುಡಿದರು.

ಆ ಮಧ್ಯಾಹ್ನ ಕೃಷ್ಣವೇಣಿಯೂ ಬೇಬಿಯವರೂ ಒಂದು ತಾಸು ಅಡುಗೆಮನೆಯಲ್ಲಿ ಕೂತು ಮಾತಾಡಿದರು. ಗಂಡಂದಿರು ಹೊರಗೆ ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡದೆ ಅದನ್ನು ಕೇಳಿಸಿಕೊಂಡರು. ರಾಯಚೂರಿನ ಮಾತು ಬರಲಿಲ್ಲ. ಸೋರೆಕಾಯಿಯಿಂದ ಪಾರಾದೆ ಎಂದು ಗಿರಿಧರ ಒಳಗೊಳಗೇ ಹಿಗ್ಗಿದ.

ಮರುದಿನ ಬೆಳಿಗ್ಗೆ ಐದೂವರೆಗೆ ಕಿತ್ತಳೆ ಕುಂಡದ ಇಕ್ಕೆಲಗಳಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು, ಕ್ಯಾಮೆರಾಕ್ಕೆ ಮುಖ ಮಾಡಿ. ಹಿಂದಿನ ಗೋಡೆಗೆ ಬಿಳಿ ಹಾಸಿಗೆ ಹೊದಿಕೆ ಕಟ್ಟಿತ್ತು, ಮೇಲೊಂದು ಹೊಸ ಬಲ್ಬು ಉರಿಯುತ್ತಿತ್ತು. ಕೈಗೆ ಬಂದದ್ದು ಸ್ಟೀಲ್ ಲೋಟವಲ್ಲ, ಬಿಳಿಯ ಮುಂದೆ ಹಸಿರು ರಸ ಎದ್ದು ಕಾಣುವ ಉದ್ದನೆಯ ಗಾಜಿನ ಲೋಟ. ನಿನ್ನೆಯ ಭಾಷಣವನ್ನು ಇಡೀ ಕಟ್ಟಡದಲ್ಲಿ ಒಬ್ಬಳಾದರೂ ಗಮನವಿಟ್ಟು ಕೇಳಿದ್ದಳು ಎಂದು ಗಿರಿಧರನಿಗೆ ಆಗ ಅರ್ಥವಾಯಿತು.

ಪಕ್ಕದ ಕುರ್ಚಿಯಲ್ಲಿ ಪೊನ್ನಪ್ಪನವರು ಕಣ್ಣು ಮುಚ್ಚಿ ಮೆಂತ್ಯದ ನೀರು ನುಂಗುತ್ತಿದ್ದರು. ಗಿರಿಧರ ಮುಕ್ಕಾಲು ಲೋಟ ಮುಗಿಸಿ, ಮಿಕ್ಕಿದ್ದನ್ನು ಅಂಗೈಯಲ್ಲಿ ಮರೆಮಾಡಿ ಕುಂಡದ ಕಡೆ ಮೆಲ್ಲಗೆ ಕೈ ಚಾಚಿದ.

ಮೇಲೆ ಪೊನ್ನಪ್ಪನವರ ನಡುಮನೆಯ, ಕರ್ಟನ್ ಎಳೆದ ಕಿಟಕಿಯ ಹಿಂದಿನಿಂದ ಕೃಷ್ಣವೇಣಿಯ ದನಿ ತಣ್ಣಗೆ ಇಳಿದು ಬಂತು.

"ಇನ್ನೂ ಎರಡು ಗುಟುಕು ಉಳದದ ನೋಡ್ರಿ. ಸ್ಕ್ರೀನ್ ಭಾಳ ಚಲೋ ಮಾಡಿಕೊಟ್ಟೀರಿ."