ನರಸಬಾಯಿಯ ಮನೆಯ ಬೆಕ್ಕು

ನೇಸರಗಿ ಸೀಮೆಯಲ್ಲಿ ಹುಟ್ಟಬೇಕಾಗಿದ್ದ ಮಕ್ಕಳನ್ನು ಹುಟ್ಟದಂತೆ ತಡೆದವರು ಯಾರಾದರೂ ಇದ್ದರೆ ಅದು ನಮ್ಮ ಚಿಗವ್ವ. ಗಾಬರಿಯಾಗಬೇಡಿ, ಅದಕ್ಕೆ ಸರಕಾರವೇ ಸಂಬಳ ಕೊಡುತ್ತಿತ್ತು! ನನ್ನ ಅವ್ವನ ತಂಗಿಯಾದ ಈಕೆ ತೊಂಬತ್ತರ ದಶಕದಲ್ಲಿ ಅಲ್ಲಿಯ ಒಂದು ಹಳ್ಳಿಗೆ ನರಸಬಾಯಿ, ಅಂದರೆ ಸರಕಾರಿ ನರ್ಸ್, ಆಗಿದ್ದಳು. ಹೆರಿಗೆ ಮಾಡಿಸುವುದು, ಕೂಸುಗಳಿಗೆ ಸೂಜಿ ಚುಚ್ಚುವುದು, ಎರಡು ಮಕ್ಕಳಾದ ತಾಯಂದಿರನ್ನು ರಮಿಸಿ, ಬೈದು, ಕಾಡಿ, ಜೀಪು ಹತ್ತಿಸಿ ಬೈಲಹೊಂಗಲಕ್ಕೆ ಆಪರೇಶನ್ನಿಗೆ ಒಯ್ಯುವುದು ಆಕೆಯ ಕೆಲಸ. ಆಕೆಯ ಬಾಯಿಗೆ ಊರಿನ ಅತ್ತೆಯರು ಸೋತಿದ್ದರು, ಗಂಡಂದಿರು ಸೋತಿದ್ದರು. ಸೋಲದೆ ಉಳಿದದ್ದು ಆಕೆಯ ಮನೆಯ ಬೆಕ್ಕು ಸುಂದ್ರಿ ಮಾತ್ರ.

ಚಿಗವ್ವನ ಮನೆಯೇ ದವಾಖಾನೆ. ಹೊರಗೋಡೆಯ ಮೇಲೆ ಕುಟುಂಬ ಯೋಜನೆಯ ದೊಡ್ಡದೊಂದು ಕೆಂಪು ತ್ರಿಕೋನ, ಅದರ ಕೆಳಗೆ ‘ಒಂದು ಬೇಕು, ಎರಡು ಸಾಕು’ ಎಂಬ ಬರಹ. ಬಿಸಿಲು ಕಾಯಿಸಿಕೊಳ್ಳಲು ಸುಂದ್ರಿಗೆ ಊರಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಸರಿಯಾಗಿ ಆ ಬರಹದ ಕೆಳಗಿನ ಕಟ್ಟೆಯ ಮೇಲೆ ಅಡ್ಡಾಗಿ, ಐದು ಮರಿಗಳಿಗೆ ಹಾಲೂಡಿಸುತ್ತ ಕಣ್ಣು ಮುಚ್ಚಿಕೊಂಡಿರುತ್ತಿತ್ತು. ನೀರಿಗೆ ಹೋಗುವ ಹೆಂಗಸರು ಮೊದಲು ಗೋಡೆಯನ್ನು ಓದುವುದು, ಆಮೇಲೆ ಕಟ್ಟೆಯನ್ನು ನೋಡುವುದು, ಸೆರಗು ಬಾಯಿಗೆ ಹಿಡಿದು ನಗುವುದು.

ಅದನ್ನು ಬಾಯಿಬಿಟ್ಟು ಅಂದವಳು ಗಂಗವ್ವ, ನಾಲ್ಕು ಮಕ್ಕಳ ತಾಯಿ. ಚಿಗವ್ವ ಅವಳ ಮನೆಗೆ ಎಡತಾಕಿ ಎಡತಾಕಿ ಚಪ್ಪಲಿ ಸವೆದಿದ್ದವು. ಒಂದು ದಿನ ಗಂಗವ್ವ ರೊಟ್ಟಿ ಬಡಿಯುತ್ತಲೇ ಹೇಳಿಬಿಟ್ಟಳು: “ಬಾಯಾರ, ಮೊದಲ ನಿಮ್ಮ ಬೆಕ್ಕಿಗೆ ಆಪರೇಶನ್ ಮಾಡಸ್ರಿ, ಆಮ್ಯಾಲ ನನ್ನ ಕರೀರಿ.”

ಈ ಮಾತು ಸಂಜೆಯೊಳಗೆ ಊರ ತುಂಬ ಹಬ್ಬಿತು. ಚಿಗವ್ವ ಯಾರ ಮನೆಯ ಹೊಸ್ತಿಲು ತುಳಿದರೂ “ಬೆಕ್ಕಿಂದ ಆತೇನ್ರಿ ಬಾಯಾರ?” ಎಂಬ ಪ್ರಶ್ನೆ. ಬೈಲಹೊಂಗಲದಿಂದ ಬಂದ ಜೀಪು ಖಾಲಿಯೇ ತಿರುಗಿ ಹೋಯಿತು. ಊರಲ್ಲಿ ತನ್ನ ಮಾತಿಗೆ ಬೆಲೆ ಉಳಿಯಬೇಕಾದರೆ ಸುಂದ್ರಿಯ ಸಂಸಾರ ನಿಲ್ಲಬೇಕು ಎಂದು ಚಿಗವ್ವ ಹಟ ಹಿಡಿದಳು.

ಮೊದಲ ಉಪಾಯ, ಸುಂದ್ರಿಗೆ ಮನೆಯೊಳಗೇ ಸೆರೆವಾಸ. ಬಾಗಿಲು ಭದ್ರ, ಕಿಟಕಿ ಭದ್ರ. ಆದರೆ ಬೆದೆಗೆ ಬಂದ ಹೆಣ್ಣು ಬೆಕ್ಕನ್ನು ಕೂಡಿಹಾಕುವುದೂ ಒಂದೇ, ಊರಲ್ಲಿ ಡಂಗುರ ಸಾರುವುದೂ ಒಂದೇ ಎಂಬುದು ಅಷ್ಟು ಓದಿದ ನರಸಬಾಯಿಗೆ ಗೊತ್ತಿರಲಿಲ್ಲ ನೋಡಿ. ಸುಂದ್ರಿ ನೆಲದ ಮೇಲೆ ಹೊರಳುವುದೇನು, ಬಾಗಿಲ ಸಂದಿಗೆ ಮೂತಿಯಿಟ್ಟು ರಾಗ ಎಳೆಯುವುದೇನು! ಓಣಿಯ ಮುದುಕಿಯೊಬ್ಬಳು ದವಾಖಾನೆಯಲ್ಲಿ ಯಾರಿಗೋ ಹೆರಿಗೆ ನೋವು ಎದ್ದಿದೆ ಎಂದುಕೊಂಡು ಒಂದು ಕೊಡ ಬಿಸಿನೀರು ಹೊತ್ತುಕೊಂಡೇ ಬಂದಳು.

ಸುಂದ್ರಿಯ ರಾಗ ಯಾರಿಗೆ ಮುಟ್ಟಬೇಕೋ ಅವರಿಗೂ ಮುಟ್ಟಿತು. ಗಿರಣಿಯ ಗಂಡು ಬೆಕ್ಕು ಮೈತುಂಬ ಹಿಟ್ಟು ಬಳಿದುಕೊಂಡು ಬಂತು. ಖಾನಾವಳಿಯ ದಡೂತಿ ಬಂತು. ಎಲ್ಲಿಯದೋ ಏನೋ, ಕಿವಿ ಹರಿದದ್ದೊಂದು ಬಂದು ಮಾಳಿಗೆ ಏರಿ ಕೂತಿತು. ಚಿಗವ್ವ ಕಸಬರಿಗೆ ಹಿಡಿದು ಒಂದನ್ನು ಓಡಿಸಿದರೆ ಆ ಜಾಗಕ್ಕೆ ಎರಡು. ನಮ್ಮ ಕಾಕಾ, ಅಂದರೆ ಚಿಗವ್ವನ ಗಂಡ, ಸಾಲಿ ಮಾಸ್ತರರು. ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ, ಆ ನಾಲ್ಕನ್ನೂ ಇಂಥ ಹೊತ್ತಿಗೇ ಕಾದಿಟ್ಟಿರುತ್ತಿದ್ದರು. ಅಂಗಳ ನೋಡಿ ಹೇಳಿದರು:

“ಆಪರೇಶನ್ನಿಗೆ ಗಂಡಸರು ಬರಂಗಿಲ್ಲ ಅಂತ ಇಷ್ಟು ವರ್ಷ ಅಳತಿದ್ದೆಲ್ಲ, ನೋಡು, ಪಾಳಿ ಹಚ್ಯಾರ.”

“ನಿಮ್ಮದೂ ಒಂದು ಹೆಸರು ಬರಕೋತೇನಿ, ಸುಮ್ನ ಕೂಡ್ರಿ,” ಎಂದಳು ಚಿಗವ್ವ.

ಗಂಡು ಬೆಕ್ಕುಗಳು ಬರೀ ಕೂತು ಹೋಗುತ್ತವೆಯೇ? ಬಾಗಿಲು, ಕಟ್ಟೆ, ಹೊರಗಿಟ್ಟ ಔಷಧದ ಪೆಟ್ಟಿಗೆ, ಎಲ್ಲದಕ್ಕೂ ಬಾಲವೆತ್ತಿ ಸಿಂಪಡಿಸಿ ತಮ್ಮ ತಮ್ಮ ಹಕ್ಕು ಸಾಧಿಸಿದವು. ಆ ವಾಸನೆ ಮೂಗಿಗಲ್ಲ, ನೆತ್ತಿಗೇ ಏರುತ್ತಿತ್ತು. ಅಂಥದರಲ್ಲಿ ಮೇಲಿನ ಸಾಹೇಬರು ತಪಾಸಣೆಗೆ ಬರಬೇಕೇ! ಕರ್ಚೀಫು ಮೂಗಿಗೆ ಹಿಡಿದು, “ಏನಿದು ವಾಸನಿ, ನರಸಬಾಯಿ?” ಎಂದರು.

“ಫಿನಾಯಿಲ್ ರೀ ಸಾಹೇಬರ. ಈ ಸಲ ನೀವ ಕಳಿಸಿದ್ದು.”

ಸಾಹೇಬರು ಕರ್ಚೀಫು ತೆಗೆಯದೆಯೇ ಜೀಪು ಹತ್ತಿದರು.

ಹೀಗೆ ಕೋಟೆ ಕಾಯುತ್ತಿರುವಾಗ ಒಂದು ಮುಂಜಾನೆ ಅಡಿಗೆಮನೆಯಲ್ಲಿ ಹೊಗೆ ತುಂಬಿತೆಂದು ಕಾಕಾ ಮಾಳಿಗೆಯ ಬೆಳಕಿಂಡಿಯ ಮುಚ್ಚಳ ಸರಿಸಿದರು. ಅಷ್ಟೇ ಸಾಕಾಯಿತು. ಕಿವಿ ಹರಿದ ಮಹಾಶಯ ಅಲ್ಲಿಂದ ನೇರವಾಗಿ ರೊಟ್ಟಿ ಬುಟ್ಟಿಗೆ ಇಳಿದ. ಚಿಗವ್ವ ಕಸಬರಿಗೆ ತರಲು ಹಿತ್ತಲ ಬಾಗಿಲು ತೆರೆದದ್ದೇ ತಡ, ಇಬ್ಬರೂ ಅಲ್ಲಿಂದ ಪರಾರಿ.

ಎರಡು ತಿಂಗಳಿಗೆ ಸುಂದ್ರಿ ನಾಲ್ಕು ಮರಿ ಹಾಕಿತು. ಎಲ್ಲಿ ಅಂತೀರಿ? ಮಕ್ಕಳಾಗದಿರಲೆಂದು ಹಂಚುವ ಗುಳಿಗೆಗಳು ತುಂಬಿದ್ದ ರಟ್ಟಿನ ಪೆಟ್ಟಿಗೆಯಲ್ಲಿ!

“ಗುಳಿಗಿ ನುಂಗಬೇಕು ಅಂತ ಅದಕ್ಕ ನೀ ಹೇಳಿಲ್ಲ,” ಎಂದರು ಕಾಕಾ. “ಮ್ಯಾಲ ಮಲಗಿದ್ರ ಸಾಕು ಅನ್ಕೊಂಡೈತಿ.”

ಇನ್ನು ಆಪರೇಶನ್ನೇ ಗತಿ ಎಂದು ಚಿಗವ್ವ ಬೈಲಹೊಂಗಲದ ದನದ ದವಾಖಾನೆಗೆ ಹೋಗಿ ಕೇಳಿದಳು. ಅಲ್ಲಿಯ ಡಾಕ್ಟರರು ಎತ್ತಿನ ಗೊರಸು ನೋಡುತ್ತಿದ್ದವರು ತಲೆಯೆತ್ತಿ, “ಎಮ್ಮಿ, ಆಕಳ ಇದ್ರ ತರ್ರಿ ಬಾಯಾರ. ಬೆಕ್ಕಿಗೆ ಆಪರೇಶನ್ ಅಂತ ನಾ ಇವತ್ತ ಕೇಳಾಕ ಹತ್ತೇನಿ,” ಎಂದರಂತೆ. ಆದರೂ ಒಳ್ಳೆಯವರು. ನಾಯಿ, ಬೆಕ್ಕು ನೋಡುವ ಖಾಸಗಿ ಡಾಕ್ಟರೊಬ್ಬರು ಬೆಳಗಾವಿಯಲ್ಲಿದ್ದಾರೆಂದು ವಿಳಾಸ ಹೇಳಿ ಕಳಿಸಿದರು.

ಮರಿಗಳು ಹಾಲು ಬಿಟ್ಟ ಮೇಲೆ ಚಿಗವ್ವ ಸುಂದ್ರಿಯನ್ನು ಬುಟ್ಟಿಯಲ್ಲಿ ಹಾಕಿ, ಮೇಲೆ ಹಳೆಯ ಸೀರೆ ಕಟ್ಟಿ ಹೊರಟಳು. ಕಾಲೇಜಿನ ರಜೆಗೆ ಬಂದಿದ್ದ ನಾನೂ ಜೊತೆಗೆ ಹೋದೆ. ಬಸ್ ನಿಲ್ದಾಣದವರೆಗೂ ಊರೇ ಬೀಳ್ಕೊಟ್ಟಿತು. ಗಂಗವ್ವನಂತೂ ಬಾಗಿಲಲ್ಲಿ ನಿಂತು, “ಹುಷಾರಾಗಿ ಕರಕೊಂಡು ಬರ್ರಿ ಬಾಯಾರ, ಬಾಣಂತಿ ಐತಿ,” ಎಂದು ನಕ್ಕಳು.

ಬೆಳಗಾವಿಯ ಡಾಕ್ಟರರು ಎಲ್ಲ ತಯಾರಿ ಮಾಡಿಕೊಂಡು ಬುಟ್ಟಿಗೆ ಕೈ ಚಾಚಿದರು. ಚಿಗವ್ವ ಕೊಡಲಿಲ್ಲ. ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, “ಬ್ಯಾಡ್ರಿ ಡಾಕ್ಟರ. ತಪ್ಪು ತಿಳೀಬ್ಯಾಡ್ರಿ,” ಎಂದು ಹೊರಗೆ ಬಂದುಬಿಟ್ಟಳು. ಇಷ್ಟು ರಂಪ ಮಾಡಿ, ಬೆಳಗಾವಿ ತನಕ ಬಂದು, ಇದೇನು ಹುಚ್ಚು ಎಂದು ನನಗೆ ಸಿಟ್ಟೇ ಬಂತು. ಮರಳುವ ಬಸ್ಸಿನಲ್ಲಿ ಕೇಳಿಯೂಬಿಟ್ಟೆ.

ಚಿಗವ್ವ ಬುಟ್ಟಿಯ ಮೇಲಿನ ಸೀರೆ ಸರಿಪಡಿಸುತ್ತ ಹೇಳಿದಳು: “ನಾ ಹೊಸದಾಗಿ ನೌಕರಿಗೆ ಬಂದಾಗ ಈ ಹೆಂಗಸರು ಹಿಂಗ ಅಂದಿದ್ರು. ‘ಮೊದಲ ನೀವು ಮಾಡಸ್ಕೋರಿ ಬಾಯಾರ, ಆಮ್ಯಾಲ ನಾವು ಬರತೇವಿ’ ಅಂತ. ಹೋಗಿ ಮಾಡಿಸ್ಕೊಂಡೆ. ನಮ್ಮ ಶೈಲಾಗ ಆಗ ಒಂದು ವರ್ಷ ತುಂಬಿತ್ತು.”

ಶೈಲಾ ಆಕೆಯ ಒಬ್ಬಳೇ ಮಗಳು. ‘ನೋಡ್ರಿ, ನನಗ ಒಂದ ಸಾಕು’ ಎಂದು ಚಿಗವ್ವ ಮನೆಮನೆಯಲ್ಲಿ ಹೆಮ್ಮೆಯಿಂದ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೆ.

“ಇನ್ನೊಂದು ಬೇಕಾಗಿತ್ತವಾ ನನಗ,” ಎಂದಳು. “ಈ ಮಾತು ನಿಮ್ಮ ಕಾಕಾಗ ಸುದ್ದಾ ಹೇಳಿಲ್ಲ. ಮಂದಿ ಬಾಯಿ ಮುಚ್ಚಿಸಾಕ ನಾ ಒಬ್ಬಾಕಿ ಮಾಡಿಸ್ಕೊಂಡಿದ್ದು ಸಾಕು. ಈ ಬೆಕ್ಕಿಗ್ಯಾಕ?”

ಪ್ರತಿ ರಜೆಗೂ ನನ್ನನ್ನು ಕರೆಸಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಊರಿಗೆ ಹೊರಟರೆ ‘ಇನ್ನೆರಡು ದಿನ ಇರಲಿ’ ಎಂದು ನನ್ನ ಅವ್ವನೊಡನೆ ಜಗಳಕ್ಕೇ ನಿಲ್ಲುತ್ತಿದ್ದಳು ಈಕೆ. ಅದು ಯಾಕೆಂದು ಅಂದು ತಿಳಿಯಿತು. ನನಗೆ ಅಳು ಬಂತು.

ಮರುದಿನ ಚಿಗವ್ವ ತಾನಾಗಿಯೇ ಗಂಗವ್ವನ ಮನೆಗೆ ಹೋದಳು. ನಾನೂ ಇದ್ದೆ. ಗಂಗವ್ವ ನಗು ತಡೆದುಕೊಂಡು, “ಬೆಕ್ಕಿಂದ ಆತೇನ್ರಿ?” ಎಂದಳು.

“ಇಲ್ಲ ತಂಗಿ, ಮನಸಾಗಲಿಲ್ಲ, ಬಿಟ್ಟೆ. ಇನ್ನ ನಿನ್ನೂ ಕಾಡಂಗಿಲ್ಲ. ನಿನಗ ಏನ್ ಬೇಕಾಗೈತಿ, ಅಷ್ಟು ಕೇಳಿ ಹೋಗೂಣು ಅಂತ ಬಂದೇನಿ.”

ಗಂಗವ್ವನ ನಗು ನಿಂತಿತು. ಬಗಲಿನ ಕೂಸನ್ನು ಕೆಳಗಿಳಿಸಿ, ಚಿಗವ್ವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತಳು.

“ನಾಕು ಹಡದೆ ಬಾಯಾರ. ನಿನಗ ಏನ್ ಬೇಕವಾ ಅಂತ ನನ್ನ ಯಾರೂ ಕೇಳಿದ್ದಿಲ್ಲ.”

“ನನ್ನೂ ಕೇಳಿಲ್ಲ ತಂಗಿ,” ಎಂದಳು ಚಿಗವ್ವ.